ಗುರುತು ಹಿಡಿಯುವಾಗ ಅವಸರ ಬೇಡ

ಪ್ರಶ್ನೆ: ಸರ ಕಿತ್ತುಕೊಂಡು ಓಡಿದವನನ್ನು ಕಣ್ಣಾರೆ ಕಂಡಿದ್ದೇನೆ. ಗುರುತು ಪತ್ತೆ ಪರೇಡ್‌ಗೆ ಬರಲು ಹೇಳಿದ್ದಾರೆ. ನಾನು ತಪ್ಪು ಮನುಷ್ಯನನ್ನು ತೋರಿಸಿಬಿಟ್ಟರೆ?

ಉತ್ತರ: ಪರೇಡ್‌ನಲ್ಲಿ ಶಂಕಿತನನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ, ಗುರುತಿಸಲು ಹೇಳುತ್ತಾರೆ. ಕಳ್ಳ ಆ ಸಾಲಿನಲ್ಲಿ ಇರಲೇಬೇಕು ಅಂತೇನಿಲ್ಲ. ‘ಇವರಲ್ಲಿ ಯಾರೂ ಅಲ್ಲ’ ಅನ್ನುವುದೂ ಉತ್ತರವೇ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳು ಮೊದಲು ಫೋಟೊದಲ್ಲಿ, ಆಮೇಲೆ ಸಾಲಿನಲ್ಲಿ ರೊನಾಲ್ಡ್ ಕಾಟನ್‌ರನ್ನೇ ತೋರಿಸಿದರು. ಫೋಟೊಗಳಲ್ಲೂ ಸಾಲಿನಲ್ಲೂ, ಎರಡೂ ಕಡೆ ಕಂಡ ಮುಖ ಅವರೊಬ್ಬರದೇ, ಜೊತೆಗೆ ಪೊಲೀಸರು ‘ಸರಿ’ ಎಂಬಂತೆ ಮಾತಾಡಿದ್ದರಿಂದ ಇದ್ದ ಅಳುಕೂ ಹೋಯಿತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಅವರಲ್ಲ ಎಂದಿತು! ಅಷ್ಟರಲ್ಲಿ ಹತ್ತು ವರ್ಷ ಜೈಲಲ್ಲಿ ಕಳೆದಿತ್ತು. ನಮ್ಮಲ್ಲಿ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರೇ ಪರೇಡ್ ನಡೆಸುತ್ತಾರೆ, ಪೊಲೀಸರು ಪಕ್ಕದಲ್ಲಿ ನಿಲ್ಲುವಂತಿಲ್ಲ. ಎಷ್ಟು ಖಾತ್ರಿ ಅನ್ನುವುದನ್ನು ಅಲ್ಲೇ ಹೇಳಿ. ಠಾಣೆಯಲ್ಲಿ ಮೊದಲೇ ಫೋಟೊ ತೋರಿಸಿದ್ದರೆ ಅದನ್ನೂ ಮುಚ್ಚಿಡಬೇಡಿ.