ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ರೇಡಿಯೊದಲ್ಲಿ ಈ ಹೊತ್ತಿನ ಹವಾಮಾನ

ಪ್ರಶ್ನೆ: ಊರಿನ ಮನೆಯಿಂದಲೇ ಒಂದು ಅಂತರ್ಜಾಲ ರೇಡಿಯೊ ನಡೆಸುತ್ತಿದ್ದೇನೆ. ವಿಂಡೋಸ್ ಕಂಪ್ಯೂಟರಿನಲ್ಲಿರುವ ರೇಡಿಯೊಡಿಜೆ ತಂತ್ರಾಂಶವು ಭಾವಗೀತೆ, ಯಕ್ಷಗಾನ, ಭಾಷಣಗಳನ್ನು ದಿನವಿಡೀ ತಾನಾಗಿಯೇ ಬಿತ್ತರಿಸುತ್ತದೆ. ಗಂಟೆಗೊಮ್ಮೆ ನಮ್ಮ ಭಾಗದ ಉಷ್ಣಾಂಶ ಮತ್ತು ಮಳೆಯ ವಿವರವೂ ಕನ್ನಡದಲ್ಲಿ ತಾನಾಗಿ ಬರುವಂತೆ ಮಾಡಲು ಸಾಧ್ಯವೇ? ಮಾಹಿತಿಯನ್ನು ಎಲ್ಲಿಂದ ಪಡೆಯಬೇಕು?
(ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಸಾಧ್ಯವಿದೆ, ಖರ್ಚೂ ಹೆಚ್ಚಿಲ್ಲ. ಮಾಹಿತಿ ತರುವುದು, ಅದನ್ನು ಧ್ವನಿಯಾಗಿ ಮಾಡುವುದು, ಆ ಧ್ವನಿಯನ್ನು ಸರಿಯಾದ ವೇಳೆಗೆ ಪ್ರಸಾರದ ಸಾಲಿಗೆ ಸೇರಿಸುವುದು ಎಂಬ ಮೂರು ಕೆಲಸಗಳು ಇದರಲ್ಲಿವೆ. ಮೊದಲನೆಯದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆಯಾದರೂ ಹೆಚ್ಚಿನ ಎಚ್ಚರ ಬೇಕಾದುದು ಅಲ್ಲಿಯೇ.

ಓಪನ್-ಮೀಟಿಯೊ ಎಂಬ ಸೇವೆಗೆ ನಿಮ್ಮ ಊರಿನ ಅಕ್ಷಾಂಶ ಮತ್ತು ರೇಖಾಂಶಗಳನ್ನು ಕೊಟ್ಟು ಕೋರಿಕೆ ಕಳುಹಿಸಿದರೆ ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ಮೊದಲಾದವು ಜೇಸನ್ ರೂಪದಲ್ಲಿ, ಅಂದರೆ ತಂತ್ರಾಂಶಗಳು ಸುಲಭವಾಗಿ ಓದಬಲ್ಲ ಪಠ್ಯವಾಗಿ, ಮರಳಿ ಬರುತ್ತವೆ. ವಾಣಿಜ್ಯೇತರ ಬಳಕೆಗೆ ಅದು ಉಚಿತ, ನೋಂದಣಿಯೂ ಬೇಡ. ಆದರೆ ಮಾಹಿತಿ ಎಲ್ಲಿಯದೆಂದು ಹೇಳುವುದು ಪರವಾನಗಿಯ ಷರತ್ತಾಗಿರುವುದರಿಂದ ನಿಮ್ಮ ಜಾಲತಾಣದಲ್ಲಿ ಅದರ ಹೆಸರನ್ನು ಕಾಣುವಂತೆ ಬರೆಯಿರಿ. ಮುಂದೆಂದಾದರೂ ಜಾಹೀರಾತು ಪಡೆಯುವುದಾದರೆ ಶುಲ್ಕದ ಯೋಜನೆಗೆ ಹೋಗಬೇಕಾಗುತ್ತದೆ. ಇನ್ನೊಂದು ಸಂಗತಿ: ಕೋರಿಕೆಯಲ್ಲಿ ಭಾರತದ ಕಾಲಮಾನವನ್ನು ಸೂಚಿಸದಿದ್ದರೆ ಉತ್ತರದಲ್ಲಿರುವ ಸಮಯವು ಗ್ರೀನಿಚ್ ಲೆಕ್ಕದ್ದಾಗಿರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಈ ಸೇವೆ ಕೊಡುವ 'ಈಗಿನ' ಉಷ್ಣಾಂಶವು ನಿಮ್ಮೂರಿನಲ್ಲಿಟ್ಟ ಉಷ್ಣಮಾಪಕದ ಓದಲ್ಲ. ಹವಾಮಾನ ಮಾದರಿಗಳು ಕೆಲವು ಕಿಲೋಮೀಟರುಗಳ ಚೌಕಕ್ಕೆ ಲೆಕ್ಕ ಹಾಕಿ ಕೊಟ್ಟ ಅಂದಾಜು. ಉಷ್ಣಾಂಶದ ಮಟ್ಟಿಗೆ ಈ ಅಂದಾಜು ಸಾಮಾನ್ಯವಾಗಿ ಬಳಸಲು ಯೋಗ್ಯವಾಗಿರುತ್ತದೆ. ಮಳೆಯ ಮಟ್ಟಿಗೆ, ಅದರಲ್ಲಿಯೂ ಪಶ್ಚಿಮಘಟ್ಟದ ಸೆರಗಿನಲ್ಲಿರುವ ನಿಮ್ಮಂಥ ತಾಲ್ಲೂಕಿನಲ್ಲಿ, ಅದನ್ನು ನಂಬಿ ಮಿಲಿಮೀಟರ್ ಲೆಕ್ಕ ಹೇಳಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಿ ಅದರ ಐದನೆಯ ಒಂದು ಭಾಗವೂ ಆಗುವುದಿಲ್ಲ. ಒಂದು ಗುಡ್ಡದ ಆಚೆ ಧಾರಾಕಾರ, ಈಚೆ ತುಂತುರು ಎಂಬ ವ್ಯತ್ಯಾಸವನ್ನು ಯಾವ ಮಾದರಿಯೂ ಗಂಟೆಗಂಟೆಗೆ ಸರಿಯಾಗಿ ಹಿಡಿಯಲಾರದು. ಮಳೆಗೆ ಅಳತೆಯೇ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಮಾಪನದ ಮಳೆಮಾಪಕಗಳನ್ನು ಇರಿಸಿ ವರದಿ ಪ್ರಕಟಿಸುತ್ತಿದೆ. ಅದನ್ನು ನೋಡಿ ದಿನಕ್ಕೊಮ್ಮೆ ನೀವೇ ಓದಿ ಹೇಳುವುದು ಮೇಲು.

ಇನ್ನು ಧ್ವನಿ. ಕನ್ನಡವನ್ನು ಓದಿ ಹೇಳುವ ಯಂತ್ರಧ್ವನಿಗಳು ಈಗ ಹಲವು ಇವೆ. ಮೈಕ್ರೋಸಾಫ್ಟ್ ಸಂಸ್ಥೆಯ ಸಪ್ನಾ ಮತ್ತು ಗಗನ್ ಎಂಬ ಧ್ವನಿಗಳು ಸಾಕಷ್ಟು ಸಹಜವಾಗಿವೆ. ಆದರೂ ಉಷ್ಣಾಂಶದಂಥ ಚಿಕ್ಕ ಪ್ರಕಟಣೆಗೆ ನಿಮ್ಮದೇ ಧ್ವನಿಯ ತುಣುಕುಗಳನ್ನು ಜೋಡಿಸುವುದು ಉತ್ತಮವೆಂದು ನನ್ನ ಅಭಿಪ್ರಾಯ. ಕೇಳುಗರಿಗೆ ಪರಿಚಿತ ಕಂಠ ಸಿಗುತ್ತದೆ, ಜಾಲಸಂಪರ್ಕದ ಹಂಗೂ ಒಂದು ಕಡಿಮೆಯಾಗುತ್ತದೆ. ತುಣುಕುಗಳನ್ನು ಮಾಡುವಾಗ 'ಇಪ್ಪತ್ತು' ಮತ್ತು 'ಆರು' ಎಂದು ಬೇರೆ ಬೇರೆ ಹೇಳಿ ಸೇರಿಸಲು ಹೋಗಬೇಡಿ, ಏಕೆಂದರೆ 'ಇಪ್ಪತ್ತಾರು' ಹಾಗೆ ಹುಟ್ಟುವುದಿಲ್ಲ. 10ರಿಂದ 40ರವರೆಗೆ ಪ್ರತಿಯೊಂದು ಅಂಕಿಯನ್ನೂ 'ಇಪ್ಪತ್ತಾರು ಡಿಗ್ರಿ' ಎಂಬಂತೆ ಮುಂದಿನ ಪದದೊಂದಿಗೆ ಒಂದೇ ಉಸಿರಿನಲ್ಲಿ ಹೇಳಿ ಮುದ್ರಿಸಿಕೊಂಡರೆ ಒಟ್ಟು 31 ತುಣುಕುಗಳಾಗುತ್ತವೆ, ನಿಮ್ಮ ಭಾಗಕ್ಕೆ ಇಷ್ಟು ಸಾಕು. ಅಂಕಿ ವಾಕ್ಯದ ನಡುವೆ ಬರುವುದರಿಂದ ಕೊನೆಯಲ್ಲಿ ದನಿಯನ್ನು ಇಳಿಸಬಾರದು. ಇಳಿಸಿದರೆ 'ಇದೆ' ಎಂಬ ಕ್ರಿಯಾಪದ ಬೇರೆ ಯಾರೋ ಆಡಿದ ಹಾಗೆ ಕೇಳಿಸುತ್ತದೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ, ಒಂದೇ ದಿನ, ಮೈಕಿನಿಂದ ಒಂದೇ ದೂರದಲ್ಲಿ ಕುಳಿತು ಮುದ್ರಿಸಿ, ಹಿಂದು ಮುಂದಿನ ಮೌನವನ್ನು ಕತ್ತರಿಸಿ. ವಾಕ್ಯ ಹೀಗಿರಲಿ: "ಬೆಳಗಿನ ಎಂಟು ಗಂಟೆಯ ಅಂದಾಜಿನಂತೆ ತೀರ್ಥಹಳ್ಳಿಯ ಸುತ್ತಮುತ್ತ ಉಷ್ಣಾಂಶ ಇಪ್ಪತ್ತಾರು ಡಿಗ್ರಿ ಸೆಲ್ಸಿಯಸ್ ಇದೆ." ಹೊತ್ತು, ಸ್ಥಳ, ಅಂದಾಜೋ ಅಳತೆಯೋ ಎಂಬುದು, ಈ ಮೂರೂ ಆ ಒಂದು ವಾಕ್ಯದಲ್ಲಿ ಬಂದಿವೆ, ಅವುಗಳಲ್ಲಿ ಯಾವುದನ್ನು ಬಿಟ್ಟರೂ ಪ್ರಕಟಣೆಯ ಬೆಲೆ ಕುಗ್ಗುತ್ತದೆ.

ಪೈಥಾನ್‌ನಲ್ಲಿ ಬರೆದ ಚಿಕ್ಕ ಸ್ಕ್ರಿಪ್ಟೊಂದು (ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ) ಮಾಹಿತಿಯನ್ನು ತಂದು, ಬೇಕಾದ ತುಣುಕುಗಳನ್ನು ಆರಿಸಿ, ಎಫ್ಎಫ್ಎಂಪೆಗ್ ಎಂಬ ಧ್ವನಿ ಜೋಡಿಸುವ ತಂತ್ರಾಂಶದ ಮೂಲಕ ಒಂದೇ ಕಡತವಾಗಿ ಜೋಡಿಸಲಿ; ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಅದನ್ನು ಪ್ರತಿ ಗಂಟೆಯ 55ನೆಯ ನಿಮಿಷಕ್ಕೆ ನಡೆಸಲಿ. ಕಡತವನ್ನು ಮೊದಲು ಬೇರೆ ಹೆಸರಿನಲ್ಲಿ ಪೂರ್ತಿಯಾಗಿ ಬರೆದು, ಆಮೇಲೆ ನಿಜವಾದ ಹೆಸರಿಗೆ ಬದಲಿಸಬೇಕು. ಇಲ್ಲವಾದರೆ ಅರ್ಧ ಬರೆದ ಕಡತವೇ ಪ್ರಸಾರವಾಗುವ ಸಂಭವವಿದೆ. ರೇಡಿಯೊಡಿಜೆಗೆ ಅದನ್ನು ಸೇರಿಸುವಾಗ ಸಾಮಾನ್ಯ ಹಾಡೆಂದು ಗುರುತಿಸಬೇಡಿ. ತಂತ್ರಾಂಶವು ಹಾಡಿನ ಉದ್ದವನ್ನು ತನ್ನ ದತ್ತಸಂಚಯದಲ್ಲಿ ಬರೆದಿಟ್ಟುಕೊಳ್ಳುವುದರಿಂದ, ಹೊಸ ಪ್ರಕಟಣೆ ಹಳೆಯದಕ್ಕಿಂತ ಉದ್ದವಾಗಿದ್ದರೆ ಕೊನೆಯ ಪದಗಳು ತುಂಡಾಗುತ್ತವೆ. ಉದ್ದ ಬದಲಾಗುವ ಕಡತಗಳಿಗೆಂದೇ ಅದರಲ್ಲಿ ವಿಡಿಎಫ್ ಎಂಬ ಪ್ರಕಾರವಿದೆ, ಅದನ್ನು ಆರಿಸಿ.

ಇಷ್ಟೆಲ್ಲ ಆದ ಮೇಲೂ ಉಳಿಯುವ ದೊಡ್ಡ ಅಪಾಯವೆಂದರೆ ಹಳಸಿದ ಮಾಹಿತಿ. ಮಲೆನಾಡಿನಲ್ಲಿ ಆಷಾಢದ ಗಾಳಿಮಳೆಗೆ ಜಾಲಸಂಪರ್ಕ ಕಡಿದರೆ, ಯುಪಿಎಸ್ ಬಲದ ಮೇಲೆ ಕಂಪ್ಯೂಟರ್ ಮಾತ್ರ ನಡೆಯುತ್ತಿದ್ದರೆ, ಹೊಸ ಕಡತ ಬರುವುದಿಲ್ಲ. ಹಳೆಯ ಕಡತ ಅಲ್ಲಿಯೇ ಇರುವುದರಿಂದ ತಂತ್ರಾಂಶವು ಅದನ್ನೇ ಮತ್ತೆ ನುಡಿಸುತ್ತದೆ. ಸಂಪರ್ಕ ಮರಳಿದಾಗ ಕೇಳುಗರ ಕಿವಿಗೆ ಮೊದಲು ಬೀಳುವುದು ನಿನ್ನೆಯ ಉಷ್ಣಾಂಶವಾಗಬಹುದು. ಅದಕ್ಕಾಗಿ ಸ್ಕ್ರಿಪ್ಟಿನ ಕೆಲಸದ ಕ್ರಮವನ್ನೇ ತಿರುವು ಮಾಡಿ: ಅದು ಮಾಡುವ ಮೊದಲ ಕೆಲಸವೆಂದರೆ ಹವಾಮಾನದ ಕಡತದ ಜಾಗದಲ್ಲಿ ನಿಮ್ಮ ನಿಲಯದ ಹೆಸರು ಹೇಳುವ ಜಿಂಗಲ್ ಅನ್ನು ಇರಿಸುವುದು. ಆಮೇಲೆ ಮಾಹಿತಿಗೆ ಕೋರಿಕೆ ಕಳುಹಿಸಲಿ. ಉತ್ತರ ಬಂದು, ಅದರೊಳಗಿನ ಸಮಯವು ಒಂದು ಗಂಟೆಗಿಂತ ಹಳೆಯದಲ್ಲವೆಂದು ಖಚಿತವಾಗಿ, ಅಂಕಿಯೂ ನಿಮ್ಮ 31 ತುಣುಕುಗಳ ಮಿತಿಯೊಳಗಿದ್ದರೆ ಮಾತ್ರ ಜಿಂಗಲ್ ಅನ್ನು ಸರಿಸಿ ಪ್ರಕಟಣೆಯನ್ನು ಇರಿಸಲಿ. ಈ ಕ್ರಮದಲ್ಲಿ ಯಾವ ಹಂತ ಕೆಟ್ಟರೂ ಕೇಳುಗರಿಗೆ ಕೇಳುವುದು ನಿಲಯದ ಹೆಸರೇ ಹೊರತು ತಪ್ಪು ಹವಾಮಾನವಲ್ಲ.

ಪ್ರಶ್ನೆ: ಮಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿ ಅಂತರ್ಜಾಲದಲ್ಲಿ ಸಿಗುತ್ತದೆ. ಮನೆಯ ರೇಡಿಯೊಗೆ ಅದನ್ನು ಬಳಸಬಹುದೇ?
(ಓದುಗರೊಬ್ಬರು, ಸುರತ್ಕಲ್)

ಉತ್ತರ: ಬಳಸಬಹುದು. ಮೆಟಾರ್ ಎಂದು ಕರೆಯುವ ಆ ವರದಿ ಅಂದಾಜಲ್ಲ, ನಿಲ್ದಾಣದಲ್ಲಿ ಅಳೆದು ಕೊಟ್ಟದ್ದು. ಅದರಲ್ಲಿ '120630' ಎಂದು ಕಂಡರೆ ತಿಂಗಳ 12ನೆಯ ತಾರೀಖು, ಗ್ರೀನಿಚ್ ಸಮಯ 6.30, ನಮ್ಮಲ್ಲಿ ಮಧ್ಯಾಹ್ನ 12 ಗಂಟೆ ಎಂದರ್ಥ. '26/25' ಎಂದಿದ್ದರೆ ಉಷ್ಣಾಂಶ 26, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 25. ಇವೆರಡು ಇಷ್ಟು ಹತ್ತಿರವಿರುವಾಗ ಆರ್ದ್ರತೆ ಶೇ. 94ರಷ್ಟಿರುತ್ತದೆ, ಅಂದರೆ ಒಗೆದು ಹಾಕಿದ ಬಟ್ಟೆ ಸುಲಭಕ್ಕೆ ಒಣಗುವುದಿಲ್ಲ. ಕೇಳುಗರಿಗೆ ಬೇಕಾದುದೂ ಇಂಥದೇ. ಗಾಳಿಯ ವೇಗ ನಾಟ್ ಲೆಕ್ಕದಲ್ಲಿರುತ್ತದೆ, 1.852ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ. ಮಳೆ ಬರುತ್ತಿದೆಯೇ ಎಂಬುದು ತಿಳಿಯುತ್ತದೆ, ಎಷ್ಟು ಬಂತು ಎಂಬುದು ತಿಳಿಯುವುದಿಲ್ಲ. ನಿಲ್ದಾಣವು ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ನೂರು ಮೀಟರಿನಷ್ಟು ಎತ್ತರದಲ್ಲಿರುವುದರಿಂದ ಕಡಲ ಬದಿಯ ನಿಮ್ಮ ಊರಿನ ಹೆಸರಿನಲ್ಲಿ ಅದನ್ನು ಹೇಳದೆ 'ಬಜ್ಪೆ ವಿಮಾನ ನಿಲ್ದಾಣದಲ್ಲಿ' ಎಂದೇ ಹೇಳಿ.

ಪ್ರಶ್ನೆ: ತೋಟದಲ್ಲಿ ನನ್ನದೇ ಹವಾಮಾನ ಮಾಪಕ ಇರಿಸಿ ಅದರ ಲೆಕ್ಕವನ್ನೇ ಬಿತ್ತರಿಸುತ್ತಿದ್ದೇನೆ. ಆದರೆ ನನ್ನ ಮಳೆಯ ಲೆಕ್ಕಕ್ಕೂ ಪತ್ರಿಕೆಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ.
(ಓದುಗರೊಬ್ಬರು, ಶಿರಸಿ)

ಉತ್ತರ: ಮಾಪಕದ ದೋಷಕ್ಕಿಂತ ದಿನದ ಲೆಕ್ಕದ ವ್ಯತ್ಯಾಸವೇ ಕಾರಣವಾಗಿರುವ ಸಂಭವ ಹೆಚ್ಚು. ಭಾರತೀಯ ಹವಾಮಾನ ಇಲಾಖೆಯ ಮಳೆಯ ದಿನವು ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಮನೆಯ ಮಾಪಕಗಳು ಸಾಮಾನ್ಯವಾಗಿ ನಡುರಾತ್ರಿಗೆ ಸೊನ್ನೆಯಿಂದ ಎಣಿಕೆ ಆರಂಭಿಸುತ್ತವೆ. ರಾತ್ರಿಯಿಡೀ ಸುರಿದ ಮಳೆ ನಿಮ್ಮಲ್ಲಿ ಎರಡು ದಿನಗಳಿಗೆ ಹಂಚಿಹೋಗುತ್ತದೆ. ಆದ್ದರಿಂದ ಪ್ರತಿ ಗಂಟೆಯ ಲೆಕ್ಕವನ್ನು ಉಳಿಸಿಕೊಂಡು, 8.30ರಿಂದ 8.30ರವರೆಗಿನ ಮೊತ್ತವನ್ನು ತಂತ್ರಾಂಶದಲ್ಲೇ ಕೂಡಿಸಿ. ಬಿರುಸಿನ ಮಳೆಯಲ್ಲಿ ನೀರು ತುಂಬಿದಾಗಲೆಲ್ಲ ಮಗುಚಿ ಮಳೆಯನ್ನು ಎಣಿಸುವ ಪುಟ್ಟ ಬಟ್ಟಲಿನ ಮಾಪಕಗಳು ಸ್ವಲ್ಪ ಕಡಿಮೆಯೇ ತೋರಿಸುತ್ತವೆಂಬುದೂ ನೆನಪಿರಲಿ. ಅಡಿಕೆ ಮರಗಳ ನಡುವೆ ಮಳೆಮಾಪಕ ಇರಿಸಬಾರದು; ಸುತ್ತಲಿನ ಮರದ ಎತ್ತರದ ಎರಡು ಪಟ್ಟು ದೂರವಾದರೂ ಬಿಡಬೇಕು. ಉಷ್ಣಮಾಪಕವು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಗೂಡಿನಲ್ಲಿರಬೇಕು; ತಾರಸಿಯ ಮೇಲಿಟ್ಟರೆ ಅದು ಕಾಂಕ್ರೀಟಿನ ಕಾವನ್ನೂ ಸೇರಿಸಿ ಹೇಳುತ್ತದೆ. 'ಭಾರಿ ಮಳೆ' ಎಂಬ ಮಾತನ್ನು ದಿನದ ಮೊತ್ತ 64.5 ಮಿಲಿಮೀಟರ್ ತಲುಪಿದಾಗ, 'ಅತಿ ಭಾರಿ' ಎಂಬುದನ್ನು 115.6 ತಲುಪಿದಾಗ ಮಾತ್ರ ಬಳಸಿದರೆ ಇಲಾಖೆಯ ಮಾತಿಗೂ ನಿಮ್ಮ ಮಾತಿಗೂ ಹೊಂದಿಕೆಯಿರುತ್ತದೆ.

ಪ್ರಶ್ನೆ: ಇದೇ ಪ್ರಸಾರವನ್ನು ಪುಟ್ಟ ಎಫ್ಎಂ ಟ್ರಾನ್ಸ್‌ಮಿಟರ್ ಮೂಲಕ ಊರಿಗೆಲ್ಲ ಕೇಳಿಸಬಹುದೇ? ರೆಡ್ ಅಲರ್ಟ್ ಬಂದಾಗ ತಂತ್ರಾಂಶವೇ ಅದನ್ನು ಓದುವಂತೆ ಮಾಡಬಹುದೇ?
(ಓದುಗರೊಬ್ಬರು, ಕೋಲಾರ)

ಉತ್ತರ: 1935ರಲ್ಲಿ ಮೈಸೂರಿನ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದ ನಾಡು ನಮ್ಮದು. ಆದರೆ ಇಂದು ಪರವಾನಗಿ ಇಲ್ಲದೆ ಎಫ್ಎಂ ಪ್ರಸಾರ ಮಾಡುವುದು ಅಪರಾಧ, ವ್ಯಕ್ತಿಗಳಿಗೆ ಪರವಾನಗಿ ಸಿಗುವುದೂ ಇಲ್ಲ. ಸಮುದಾಯ ರೇಡಿಯೊ ಪರವಾನಗಿಯು 2002ರಿಂದ ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ದೊರೆಯುತ್ತಿದೆ. ಹವಾಮಾನವನ್ನು ಸುದ್ದಿಯೆಂದು ಪರಿಗಣಿಸುವುದಿಲ್ಲವಾದ್ದರಿಂದ ಅಂಥ ನಿಲಯಗಳು ಅದನ್ನು ಬಿತ್ತರಿಸಬಹುದು.

ಎಚ್ಚರಿಕೆಗಳನ್ನು ಯಂತ್ರಧ್ವನಿಗೆ ಒಪ್ಪಿಸಬೇಡಿರೆಂದು ಒತ್ತಿ ಹೇಳುತ್ತೇನೆ. ಉಷ್ಣಾಂಶ ಎರಡು ಡಿಗ್ರಿ ತಪ್ಪಾದರೆ ಯಾರಿಗೂ ತೊಂದರೆಯಿಲ್ಲ. ರೆಡ್ ಅಲರ್ಟ್ ಯಾವ ಜಿಲ್ಲೆಗೆ, ಎಷ್ಟು ಹೊತ್ತಿನವರೆಗೆ ಎಂಬುದು ತಪ್ಪಾದರೆ ಶಾಲೆಗೆ ಹೋಗುವ ಮಕ್ಕಳ, ಹೊಳೆ ದಾಟುವ ಜನರ ನಿರ್ಧಾರವೇ ಬದಲಾಗುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆಯಿಂದ ಬರುವ ಎಚ್ಚರಿಕೆಗಳಲ್ಲಿ ಅವಧಿ ಮುಗಿಯುವ ವೇಳೆಯೂ ನಮೂದಾಗಿರುತ್ತದೆ. ತಂತ್ರಾಂಶವು ಅದನ್ನು ಗಮನಿಸಿ ನಿಮ್ಮ ಫೋನಿಗೆ ಸಂದೇಶ ಕಳುಹಿಸಲಿ. ನೀವು ಓದಿ, ನಿಮ್ಮ ಜಿಲ್ಲೆಯದೇ ಎಂದು ನೋಡಿ, ನಿಮ್ಮ ಬಾಯಿಂದಲೇ ಮುದ್ರಿಸಿ ಪ್ರಸಾರದ ಸಾಲಿಗೆ ಸೇರಿಸಿ. ಸೇರಿಸುವಾಗಲೇ ಆ ಕಡತಕ್ಕೆ ಮುಕ್ತಾಯದ ದಿನಾಂಕ ಮತ್ತು ಸಮಯವನ್ನೂ ನಮೂದಿಸಿಬಿಡಿ.