ಸಿಪಿಆರ್ ಮಾಡುವಾಗ ಲಯಕ್ಕೆ ಯಾವ ಕನ್ನಡ ಹಾಡು ಒಳ್ಳೆಯದು?

ನಿಮಗೆ ಬಾಯಿಪಾಠ ಇರುವ ಯಾವ ಹಾಡಾದರೂ ಆದೀತು, ವೇಗ ಸರಿ ಇದ್ದರೆ. ಸಿಪಿಆರ್ ಅಂದರೆ ಹೃದಯ ನಿಂತವರ ಎದೆ ಒತ್ತಿ ರಕ್ತ ಓಡಿಸುವುದು. ಒತ್ತಬೇಕಾದ್ದು ನಿಮಿಷಕ್ಕೆ 100ರಿಂದ 120 ಸಲ. ಹಾಡು ಹಾಕಿ 15 ಸೆಕೆಂಡ್ ತಾಳ ಹೊಡೆದು ಎಣಿಸಿ. 25ರಿಂದ 30 ಬಂದರೆ ನಡೆಯುತ್ತದೆ. ತರಬೇತಿಗಳಲ್ಲಿ ಹೆಚ್ಚಾಗಿ ಹೇಳುವುದು ಬೀ ಜೀಸ್ ತಂಡದ 1977ರ 'ಸ್ಟೇಯಿನ್ ಅಲೈವ್'. ಅದರ ಬಡಿತ ಸುಮಾರು 103. ಆದರೆ ನಮ್ಮ ಕುಂಬಳೆ ಕಡೆ ಅದು ಎಷ್ಟು ಜನರಿಗೆ ಗೊತ್ತು?

ಹಾಡು ಮನಸ್ಸಿನಲ್ಲೇ ಇರಲಿ. ಫೋನಿನಲ್ಲಿ 112ಕ್ಕೋ 108ಕ್ಕೋ ಕರೆ ಮಾಡಿ ಸ್ಪೀಕರ್ ಹಾಕಿರ್ತೀರಿ. ಅದರಲ್ಲೇ ಹಾಡು ಹುಡುಕ್ತಾ ಕೂರೋಕಾಗುತ್ತಾ?

ಹಾಡು ನಂಬಿ ನಾನು ಒಮ್ಮೆ ಬೇಸ್ತು ಬಿದ್ದಿದ್ದೇನೆ. ಊರಿನ ಕ್ಲಬ್ಬಿನಲ್ಲಿ ತರಬೇತಿ ಇತ್ತು. ನಾನು ಸ್ವಲ್ಪ ಚೆಂಡೆ ಕಲಿತವ, ಲಯದ ವಿಷಯದಲ್ಲಿ ಜಂಬ ಜಾಸ್ತಿ. ಬೊಂಬೆಯ ಎದೆ ಮೇಲೆ ಸರಿಯಾಗಿಯೇ ಶುರು ಮಾಡಿದೆ. ಒಂದು ನಿಮಿಷ ಆಗುವಾಗ ಯಕ್ಷಗಾನದ ಯುದ್ಧದ ಏರುಪದ್ಯಕ್ಕೆ ಬಾರಿಸುವ ಹಾಗೆ ಕೈ ಓಡತೊಡಗಿತು. "ಚೆಂಡೆಯವರೇ, ಇಲ್ಲಿ ಯುದ್ಧ ಇಲ್ಲ, ನಿಧಾನ!" ಅಂದರು ಕಲಿಸುತ್ತಿದ್ದ ಸಿಸ್ಟರ್. ಸಾಕಷ್ಟು ಆಳ ಒತ್ತಿದರೆ ಆ ಬೊಂಬೆ 'ಟಕ್' ಅನ್ನುತ್ತದೆ. ನನ್ನದು ಟಕ್ ಅನ್ನುವುದು ಯಾವಾಗಲೋ ನಿಂತಿತ್ತು. ನನಗೆ ಗೊತ್ತೇ ಆಗಿರಲಿಲ್ಲ, ಗಮನವೆಲ್ಲ ತಾಳದಲ್ಲಿ.

ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ ಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಆಗಲೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು. ಓಡಿದರೆ ಎರಡೂ ಕೆಡುತ್ತದೆ. ಚೆಂಡೆಯ ಕೆಲಸ ಮಣಿಕಟ್ಟಿನದ್ದು. ಇಲ್ಲಿ ಮೊಣಕೈ ಮಡಚದೆ ಮೈಭಾರ ಹಾಕಬೇಕು.

ಆಮೇಲೆ ನಾನು ಹಾಡು ಬಿಟ್ಟು ಜೋರಾಗಿ ಎಣಿಸಲು ಹೊರಟೆ. ಅಲ್ಲೂ ಒಂದು ತಮಾಷೆ. ಕನ್ನಡದಲ್ಲಿ ಇಪ್ಪತ್ತು ದಾಟಿದರೆ ಲಯ ಹೋಯಿತು! 'ಆರು' ಅಂದಷ್ಟು ಬೇಗ 'ಇಪ್ಪತ್ತೊಂಬತ್ತು' ಅನ್ನಲು ಆಗುವುದಿಲ್ಲ ಅಲ್ವಾ? ನಾಲಿಗೆ ತಡೆದರೆ ಕೈಯೂ ತಡೆಯುತ್ತದೆ. ಹಾಗಾಗಿ ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರು ಮಾಡಿ. ಬಾಯಿಗೆ ಉಸಿರು ಕೊಡಲು ಕಲಿತವರು ಮೂರು ಹತ್ತಾದ ಮೇಲೆ ಎರಡು ಉಸಿರು ಕೊಡುತ್ತಾರೆ. ಕಲಿಯದವರು ಸುಮ್ನೆ ಒತ್ತುತ್ತಾ ಹೋದರೆ ಸಾಕು.

ಜೋರಾಗಿ ಎಣಿಸಿದರೆ ಪಕ್ಕದಲ್ಲಿ ನಿಂತವರಿಗೂ ಲಯ ಸಿಗುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕಲ್ಲ, ಪಕ್ಕದವರು ಅದೇ ಎಣಿಕೆ ಹಿಡಿದು ಕೂರಬಹುದು.