ಮೂಗಿಲ್ಲದ ಬ್ಯಾಕ್ಟೀರಿಯಾ ಆಹಾರದ ಜಾಡು ಹಿಡಿಯುವ ಬಗೆ

ಪ್ರಶ್ನೆ: ಸಕ್ಕರೆ ಚೆಲ್ಲಿದಲ್ಲಿಗೆ ಇರುವೆ ಬರುತ್ತದೆ, ಅದಕ್ಕೆ ಮೀಸೆಯಿದೆ, ಮಿದುಳಿದೆ. ಒಂದೇ ಜೀವಕೋಶದ ಬ್ಯಾಕ್ಟೀರಿಯಾ ಕೂಡ ಆಹಾರವಿರುವ ಕಡೆಗೇ ಈಜುತ್ತದೆ ಎಂದು ಓದಿದೆ. ಅದಕ್ಕೆ ದಿಕ್ಕು ಗೊತ್ತಾಗುವುದು ಹೇಗೆ? ಅಮೀಬಾ ಕೂಡ ಹೀಗೆಯೇ ಮಾಡುತ್ತದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಜ ಹೇಳಬೇಕೆಂದರೆ ಬ್ಯಾಕ್ಟೀರಿಯಾಕ್ಕೆ ದಿಕ್ಕು ಗೊತ್ತಾಗುವುದೇ ಇಲ್ಲ; ಆದರೂ ಅದು ಆಹಾರದ ಬಳಿಗೆ ತಲುಪುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲೈಯನ್ನೇ ನೋಡೋಣ. ಅದರ ಮೈಮೇಲೆ ನಾಲ್ಕಾರು ಕಶಾಂಗಗಳಿವೆ. ಕಶೆ ಎಂದರೆ ಚಾಟಿ. ಹೆಸರು ಹಾಗಿದ್ದರೂ ಅವು ಚಾಟಿಯಂತೆ ಬೀಸುವುದಿಲ್ಲ, ಬುಡದಲ್ಲಿರುವ ಪ್ರೋಟೀನಿನ ಮೋಟಾರಿನಿಂದ ಸೆಕೆಂಡಿಗೆ 100ಕ್ಕೂ ಹೆಚ್ಚು ಸುತ್ತು ಗಿರಗಿರನೆ ತಿರುಗುತ್ತವೆ. ಎಲ್ಲವೂ ಅಪ್ರದಕ್ಷಿಣವಾಗಿ ತಿರುಗುವಾಗ ಜಡೆಯಂತೆ ಒಂದುಗೂಡಿ ಜೀವಕೋಶವನ್ನು ನೇರವಾಗಿ ಮುಂದಕ್ಕೆ ತಳ್ಳುತ್ತವೆ. ಒಂದೆರಡು ಪ್ರದಕ್ಷಿಣವಾಗಿ ತಿರುಗಿದರೂ ಸಾಕು, ಜಡೆ ಬಿಚ್ಚಿಕೊಂಡು, ಬ್ಯಾಕ್ಟೀರಿಯಾ ಇದ್ದಲ್ಲೇ ಹೊರಳಿ ಯಾವುದೋ ಹೊಸ ಕಡೆಗೆ ಮುಖ ಮಾಡುತ್ತದೆ. 1972ರಲ್ಲಿ ಹೋವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್, ಒಂದೊಂದೇ ಬ್ಯಾಕ್ಟೀರಿಯಾದ ಬೆನ್ನು ಹತ್ತುವ ಸೂಕ್ಷ್ಮದರ್ಶಕದಿಂದ ಈ ಓಟವನ್ನು ಅಳೆದರು. ಓಟ ಸುಮಾರು 1 ಸೆಕೆಂಡು, ಹೊರಳಾಟ ಸುಮಾರು 0.1 ಸೆಕೆಂಡು. ಆಹಾರ ಹೆಚ್ಚುತ್ತಿರುವ ಕಡೆಗೆ ಸಾಗುತ್ತಿದ್ದರೆ ಮಾತ್ರ ಓಟ ಉದ್ದವಾಗುತ್ತದೆ. ಅದರ ಜಾಣ್ಮೆಯೆಲ್ಲ ಇಷ್ಟೇ: ಲಾಭವಾಗುತ್ತಿರುವಾಗ ಹೊರಳುವುದನ್ನು ಮುಂದೂಡುವುದು.

ಆಹಾರ ಹೆಚ್ಚುತ್ತಿದೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟು ಉದ್ದದ ಮೈಯ ಎರಡು ತುದಿಗಳ ನಡುವಿನ ವ್ಯತ್ಯಾಸ ತೀರ ಅಲ್ಪ. ಹಾಗಾಗಿ ಅದು ಅಲ್ಲಿಗೂ ಇಲ್ಲಿಗೂ ಹೋಲಿಸುವುದಿಲ್ಲ, ಆಗಿಗೂ ಈಗಿಗೂ ಹೋಲಿಸುತ್ತದೆ. ಅದೇ 1972ರಲ್ಲಿ ಮ್ಯಾಕ್‌ನ್ಯಾಬ್ ಮತ್ತು ಕೋಶ್‌ಲ್ಯಾಂಡ್, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ಸೆರೀನ್ ಎಂಬ ಅಮೈನೋ ಆಮ್ಲವನ್ನು ಥಟ್ಟನೆ ಬೆರೆಸಿದರು. ಎಲ್ಲ ಕಡೆಯೂ ಸೆರೀನ್ ಒಂದೇ ಸಮನಾಗಿದ್ದರೂ, ಬ್ಯಾಕ್ಟೀರಿಯಾಗಳು ತಾವು ಸರಿಯಾದ ದಾರಿಯಲ್ಲೇ ಇದ್ದೇವೆಂಬಂತೆ ಸ್ವಲ್ಪ ಹೊತ್ತು ಹೊರಳದೆ ನೇರವಾಗಿ ಈಜಿದವು. ಪಾಪ, ಮೋಸಹೋದವು! ಆದರೆ ಅದರಿಂದಲೇ ಅವುಗಳಿಗೆ ನೆನಪಿದೆ ಎಂಬುದು ಸಾಬೀತಾಯಿತು.

ಆ ನೆನಪು ಕೆಲವೇ ಸೆಕೆಂಡುಗಳದು, ಮತ್ತು ಅದು ಇರುವುದು ಹೊರಗಿನ ಅಣುಗಳನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳಲ್ಲಿ. ಆಹಾರದ ಅಣು ಗ್ರಾಹಕಕ್ಕೆ ಅಂಟಿದೊಡನೆ, ಮೋಟಾರನ್ನು ಪ್ರದಕ್ಷಿಣವಾಗಿ ತಿರುಗಿಸುವ ರಾಸಾಯನಿಕ ಸಂದೇಶ ಕ್ಷೀಣಿಸುತ್ತದೆ. ಅದರ ಬೆನ್ನಿಗೇ, ಆದರೆ ನಿಧಾನವಾಗಿ, ಗ್ರಾಹಕಕ್ಕೆ ಮೀಥೈಲ್ ಗುಂಪುಗಳು ಎಂಬ ಪುಟ್ಟ ರಾಸಾಯನಿಕ ತುಣುಕುಗಳು ಜೋಡಣೆಯಾಗಿ ಅದನ್ನು ಮೊದಲಿನ ಸ್ಥಿತಿಗೆ ತರುತ್ತವೆ. ಈ ವಿಳಂಬವೇ ನೆನಪು: ಗ್ರಾಹಕಕ್ಕೆ ಅಂಟಿದ ಆಹಾರ ಈಗಿನದನ್ನು ಹೇಳಿದರೆ, ಮೀಥೈಲ್ ಗುಂಪುಗಳು ಸ್ವಲ್ಪ ಹೊತ್ತಿನ ಹಿಂದಿನದನ್ನು ಹೇಳುತ್ತವೆ. ಇದು ಹಸಿವಿನ ಮಾತಲ್ಲ ಎಂಬುದನ್ನು ಜೂಲಿಯಸ್ ಆಡ್ಲರ್ 1969ರಲ್ಲಿ ತೋರಿಸಿದ್ದರು: ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಅರಗಿಸಿಕೊಳ್ಳಲಾರದ ಇ. ಕೋಲೈ ಕೂಡ ಅದರ ಕಡೆಗೆ ಸೆಳೆಯಲ್ಪಟ್ಟಿತು.

ಅಮೀಬಾದ ದಾರಿ ಬೇರೆ. ಮಣ್ಣಿನಲ್ಲಿರುವ ಡಿಕ್ಟಿಯೋಸ್ಟೀಲಿಯಮ್ ಎಂಬ ಅಮೀಬಾ ಬ್ಯಾಕ್ಟೀರಿಯಾಕ್ಕಿಂತ ಹಲವು ಪಟ್ಟು ದೊಡ್ಡದಾಗಿದ್ದು, ತನ್ನ ಎರಡು ಬದಿಗಳ ವ್ಯತ್ಯಾಸವನ್ನೇ ಗುರುತಿಸಿ, ರಾಸಾಯನಿಕ ಸಂಕೇತ ಹೆಚ್ಚಿರುವ ಬದಿಯಿಂದ ಮಿಥ್ಯಾಪಾದ, ಅಂದರೆ ತೆವಳಲು ನೆರವಾಗುವ ಮೈಯ ಚಾಚು, ಹೊರಚಾಚುತ್ತದೆ. ಆಹಾರ ತೀರಿದಾಗ ಅದು ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ಕೆಲವು ನಿಮಿಷಗಳಿಗೊಮ್ಮೆ ಅಲೆಅಲೆಯಾಗಿ ಹೊರಬಿಡುತ್ತದೆ. ಆ ಕರೆಗೆ ಓಗೊಟ್ಟು ಸುತ್ತಲಿನ ಸಾವಿರಾರು ಅಮೀಬಾಗಳು ತೆವಳಿ ಬಂದು ಒಂದೇ ಗುಡ್ಡೆಯಾಗುತ್ತವೆ.